ಇನ್‌ಸ್ಪೆಕ್ಟರ್ ಒಂದು ಬೆಳಗ್ಗೆ ಬಂದು ಹೋದರೆ ಉಳಿದ ದಿನಗಳ ಕಥೆ ಹೇಗೆ ತಿಳಿಯುತ್ತದೆ?

ಹೊಸ ಸೈಟ್ ಎಂಜಿನಿಯರ್:
ಮೊನ್ನೆ ನಮ್ಮ ಸೈಟ್‌ಗೆ ಸರ್ಕಾರದ ಸುರಕ್ಷತಾ ಇನ್‌ಸ್ಪೆಕ್ಟರ್ ಬಂದಿದ್ದರು. ಒಂದು ಸುತ್ತು ಹಾಕಿದರು, ರಿಜಿಸ್ಟರ್ ತಿರುವಿದರು, ಇಬ್ಬರು ಕೆಲಸಗಾರರನ್ನು ಪಕ್ಕಕ್ಕೆ ಕರೆದು ಮಾತಾಡಿ ಹೊರಟರು. ಕಟ್ಟಡ ಅಂದರೆ ದಿನಾ ಬದಲಾಗುವ ಜಾಗ. ಇವತ್ತು ತೆರೆದಿದ್ದ ಅಂಚು ನಾಳೆ ಮುಚ್ಚಿರುತ್ತದೆ. ಹೀಗೆ ಬಂದು ಹೋದವರಿಗೆ ಏನು ಗೊತ್ತಾಗುತ್ತದೆ? ಬರುವ ಸುದ್ದಿ ಮೊದಲೇ ಸಿಕ್ಕರೆ ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ನಿಲ್ಲುವುದಿಲ್ವಾ?

ಕ್ರೇನ್ ಕ್ಯಾಬಿನ್:
ಎಲ್ಲಾ ಕಾಗದದ ಮೇಲೆ ಸ್ವಾಮಿ. ರಿಜಿಸ್ಟರ್ ಚೆನ್ನಾಗಿದ್ದರೆ ಸೈಟ್ ಚೆನ್ನಾಗಿದೆ ಅಂತ ಬರೆದುಕೊಂಡು ಹೋಗುತ್ತಾರೆ.

ಹಳೇ ಸೇಫ್ಟಿ ಆಫೀಸರ್:
ಕ್ಯಾಬಿನ್ ಅವರೇ, ಕಾಗದವನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ಇನ್‌ಸ್ಪೆಕ್ಟರ್‌ಗಳ ಹಿಂದೆ ಸುತ್ತಿದವನು ನಾನು. ಸುಮ್ನೆ ಸಹಿ ನೋಡಿ ಹೋಗುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಲಸ ಬಲ್ಲವರಿಗೆ ಸುಳ್ಳು ಮೊದಲು ಸಿಗುವುದೇ ರಿಜಿಸ್ಟರ್‌ನಲ್ಲಿ. ಬ್ರಿಟನ್‌ನಲ್ಲಿ 2 ಮೀಟರ್ ಅಥವಾ ಹೆಚ್ಚು ಎತ್ತರದಿಂದ ಬೀಳುವ ಸಾಧ್ಯತೆ ಇರುವ ಸ್ಕ್ಯಾಫೋಲ್ಡಿಂಗ್ ಅನ್ನು, ಅಂದರೆ ನಿಂತು ಕೆಲಸ ಮಾಡಲು ಕಟ್ಟುವ ತಾತ್ಕಾಲಿಕ ಅಟ್ಟಣೆಯನ್ನು, 7 ದಿನಕ್ಕೊಮ್ಮೆಯಾದರೂ ಪರೀಕ್ಷಿಸಿ ಬರೆದಿಡಬೇಕು. ಜೋರು ಗಾಳಿ ಬೀಸಿ ಅಲುಗಾಡಿರಬಹುದು ಅನ್ನಿಸಿದರೆ ಮತ್ತೆ ನೋಡಬೇಕು. ಈಗ ಆ ಪುಟ ತೆಗೆಯಿರಿ. ಎಲ್ಲಾ ವಾರಕ್ಕೂ ಒಂದೇ ಪೆನ್ನು, ಒಂದೇ ಕೈಬರಹ, ಪ್ರತಿ ಸಾಲಿನಲ್ಲೂ 'ಸರಿ ಇದೆ'. ಮಳೆಗೆ ಕೆಲಸ ನಿಂತಿದ್ದ ದಿನವೂ 'ಸರಿ ಇದೆ'. ಒಂದೇ ಸಲ ಕೂತು ಬರೆದದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಒಂದು ಸಡಿಲ ಹಲಗೆ, ಅದನ್ನು ಸರಿಪಡಿಸಿದ ತಾರೀಖು, ಇಂಥದ್ದು ಅಲ್ಲಲ್ಲಿ ಇರುವ ರಿಜಿಸ್ಟರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಆಮೇಲೆ ಸಹಿ ಹಾಕಿದವನನ್ನೇ ಕರೆದು 'ಬಾ, ಇದನ್ನು ಎಲ್ಲಿ ನಿಂತು ನೋಡಿದೆ ತೋರಿಸು' ಅನ್ನುತ್ತಾರೆ. ಅಲ್ಲೇ ಅರ್ಧ ಬಣ್ಣ ಬಯಲು. ಕೆಲಸಗಾರನನ್ನು 'ಹಾರ್ನೆಸ್ (ಎತ್ತರದಲ್ಲಿ ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ) ಇದೆಯಾ' ಅಂತ ಕೇಳುವುದಿಲ್ಲ. 'ಬಿದ್ದು ಹಗ್ಗದಲ್ಲಿ ನೇತಾಡಿದರೆ ನಿನ್ನನ್ನು ಕೆಳಗಿಳಿಸುವವರು ಯಾರು?' ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲ ಅಂದರೆ ತರಬೇತಿ ಕಾಗದದಲ್ಲೇ ನಡೆದಿದೆ ಅಂತಲೇ ಲೆಕ್ಕ. ಹಾಜರಿ ಪುಸ್ತಕದ ತಲೆ ಎಣಿಕೆ ಸೈಟ್‌ನಲ್ಲಿರುವ ತಲೆಗಳಿಗೆ ಹೊಂದದಿದ್ದರೆ ಯಾವ ಮೇಸ್ತ್ರಿಯ ಜನ ಲೆಕ್ಕಕ್ಕೆ ಸಿಕ್ಕಿಲ್ಲ ಅನ್ನುವುದು ಹೊರಬರುತ್ತದೆ.

ಕೆಲವು ತಪ್ಪುಗಳಿಗೆ ಒಳಗೆ ಬರುವುದೇ ಬೇಡ, ರಸ್ತೆಯಿಂದಲೇ ಕಾಣುತ್ತವೆ. ಅಮೆರಿಕದ ನಿಯಮದಲ್ಲಿ ಅಗೆದ ಮಣ್ಣನ್ನು ಗುಂಡಿಯ ಅಂಚಿನಿಂದ ಕನಿಷ್ಠ 2 ಅಡಿ ಹಿಂದಿಡಬೇಕು. 5 ಅಡಿ ಅಥವಾ ಹೆಚ್ಚು ಆಳದ ಗುಂಡಿಗೆ, ಅದು ಗಟ್ಟಿ ಬಂಡೆಯಲ್ಲಿ ಅಲ್ಲದಿದ್ದರೆ, ಆಸರೆಯೋ ಇಳಿಜಾರೋ ಇರಲೇಬೇಕು. ಅಂಚಿಗೇ ಮಣ್ಣು ಸುರಿದಿದ್ದರೆ ಇನ್ನೇನು ಪತ್ತೇದಾರಿ ಮಾಡಬೇಕು?

ಇನ್ನು ಸುದ್ದಿ ಸೋರುವ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1947ರ ತಪಾಸಣೆ ಒಪ್ಪಂದದ ಪ್ರಕಾರ ಇನ್‌ಸ್ಪೆಕ್ಟರ್ ಹಗಲಾಗಲಿ ರಾತ್ರಿಯಾಗಲಿ ಹೇಳದೆ ಒಳಗೆ ಬರಬಹುದು. ಅಮೆರಿಕದಲ್ಲಿ ಅನುಮತಿಯಿಲ್ಲದೆ ಮುನ್ಸೂಚನೆ ಕೊಟ್ಟವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಹಾಗಂತ ಸೋರುವುದೇ ಇಲ್ಲ ಅಂತಲ್ಲ. ಆದರೆ ಒಂದು ರಾತ್ರಿಯಲ್ಲಿ ಹೆಲ್ಮೆಟ್ ಹಂಚಬಹುದು, ಕಟ್ಟಡದ ಸುತ್ತ ಕಂಬಿಬೇಲಿ ಕಟ್ಟಲಾಗುವುದಿಲ್ಲ.

ನಿಜ ಹೇಳಬೇಕೆಂದರೆ ಅವರ ಸಂಖ್ಯೆಯೇ ಕಡಿಮೆ. ಕೈಗಾರಿಕೆ ಬೆಳೆದ ದೇಶಗಳಲ್ಲಿ 10,000 ಕೆಲಸಗಾರರಿಗೆ ಒಬ್ಬ ಇನ್‌ಸ್ಪೆಕ್ಟರ್ ಇರಬೇಕು ಅನ್ನುವುದು ಅದೇ ಸಂಘಟನೆಯ ಮಾನದಂಡ. ಅಷ್ಟು ಜನರನ್ನು ಒಬ್ಬರು ದಿನಾ ಕಾಯಲು ಆಗುತ್ತದಾ? ಅದಕ್ಕೇ ಕಾವಲನ್ನು ಕಾನೂನು ಸೈಟ್‌ನವರ ತಲೆಗೇ ಕಟ್ಟಿದೆ. ಆ ಕಾವಲು ನಿಜವೋ ನಾಟಕವೋ ಅಂತ ನೋಡುವುದು ಇನ್‌ಸ್ಪೆಕ್ಟರ್ ಕೆಲಸ.

ಸ್ಕ್ಯಾಫೋಲ್ಡಿಂಗ್ ತಂಡ:
ಹಳೇ ಸರ್ ಹೇಳಿದ್ದು ಸರಿ. ಏಣಿಯ ಬುಡದಲ್ಲಿ ನೇತುಹಾಕುವ, ಪರೀಕ್ಷೆಯ ತಾರೀಖು ಬರೆದ ಟ್ಯಾಗ್ ಕೂಡ ನೋಡುತ್ತಾರೆ. ತಾರೀಖು ಮೀರಿದ್ದರೆ, ಅದೇ ಏಣಿಯಲ್ಲಿ ಜನ ಹತ್ತುತ್ತಿದ್ದರೆ, ಮಾತು ಅಲ್ಲಿಗೇ ಮುಗಿಯಿತು.

ಹೊಸ ಸೈಟ್ ಎಂಜಿನಿಯರ್:
ಥ್ಯಾಂಕ್ಸ್ ಸರ್. ಇನ್ನೊಂದು ಮಾತು. ಇದು ಯಾರೋ ದೂರು ಕೊಟ್ಟು ಬಂದ ತಪಾಸಣೆ ಅಂತ ನಮ್ಮ ಮ್ಯಾನೇಜರ್ ಯಾರಪ್ಪಾ ಅವನು ಅಂತ ಹುಡುಕುತ್ತಿದ್ದಾರೆ. ಇನ್‌ಸ್ಪೆಕ್ಟರ್ ಜೊತೆ ಮಾತಾಡಿದ ಆ ಇಬ್ಬರ ಮೇಲೇ ಕಣ್ಣು.

ಹಳೇ ಸೇಫ್ಟಿ ಆಫೀಸರ್:
ಮೊದಲು ಆ ಹುಡುಕಾಟ ನಿಲ್ಲಿಸಲು ಹೇಳಿ. ದೂರಿನ ಮೇಲೆ ಬಂದಿದ್ದರೂ ಹಾಗಂತ ಬಾಯಿಬಿಡಬಾರದು ಅಂತ ನಾನು ಹೇಳಿದ ಒಪ್ಪಂದದಲ್ಲೇ ಇದೆ. ದೂರಿಲ್ಲದೆಯೂ ಬರುತ್ತಾರೆ. ಬ್ರಿಟನ್‌ನಲ್ಲಿ ದೊಡ್ಡ ಕೆಲಸ ಶುರುವಾಗುವ ಮೊದಲೇ ತಿಳಿಸಬೇಕು, ಹಾಗಾಗಿ ಸೈಟ್ ಎಲ್ಲಿದೆ ಅಂತ ಅವರಿಗೆ ಗೊತ್ತೇ ಇರುತ್ತದೆ. ಅಮೆರಿಕದಲ್ಲಿ ಕೆಲಸದಲ್ಲಿ ಸಾವಾದರೆ 8 ಗಂಟೆಯೊಳಗೆ, ಗಾಯಾಳುವನ್ನು ಆಸ್ಪತ್ರೆಗೆ ದಾಖಲಿಸಿದರೆ 24 ಗಂಟೆಯೊಳಗೆ ವರದಿ ಮಾಡಬೇಕು. ದೂರು ಕೊಟ್ಟವನನ್ನು ಕೆಲಸದಿಂದ ತೆಗೆದರೆ ಅದೇ ಬೇರೆ ಕೇಸ್ ಆಗುತ್ತದೆ.

ನಿಮಗೆ ಲಿಖಿತ ನೋಟಿಸ್ ಏನಾದರೂ ಬಂದಿದೆಯಾ? ಗಡುವು ಕೊಟ್ಟು ಸರಿಪಡಿಸಿ ಅನ್ನುವುದಾ, ಕೆಲಸವನ್ನೇ ನಿಲ್ಲಿಸಿ ಅನ್ನುವುದಾ ನೋಡಿ ಹೇಳಿ. ಎರಡನೆಯದಾದರೆ ಆ ಜಾಗಕ್ಕೆ ಈಗಲೇ ಯಾರನ್ನೂ ಬಿಡಬೇಡಿ, ಮ್ಯಾನೇಜರ್ ಏನೇ ಹೇಳಲಿ.