‘ಮುಳುಗೋಕೆ ಹೋಗ್ತಿದ್ದೀನಿ’ ಅಂದರೆ ತಪ್ಪಾ? ಡೈವಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಶುಕ್ರವಾರ ಸಂಜೆ ಅತ್ತೆ ಫೋನ್ ಮಾಡಿದ್ದರು. ಶನಿವಾರ, ಭಾನುವಾರ ಏನು ಮಾಡ್ತೀಯ ಅಂತ ಕೇಳಿದರು. ‘ಗೆಳೆಯರ ಜೊತೆ ಮುಳುಗೋಕೆ ಹೋಗ್ತಿದ್ದೀನಿ ಅತ್ತೆ’ ಅಂದೆ. ಆ ಕಡೆಯಿಂದ ಒಂದು ಗಳಿಗೆ ಮಾತಿಲ್ಲ. ಆಮೇಲೆ ‘ಬಿಡ್ತು ಅನ್ನು!’ ಅಂದರು. ಬಿಡ್ತು ಅಂದೆ. ‘ಡೈವಿಂಗ್‌ಗೆ’ ಅಂದಿದ್ದರೆ ‘ಹುಷಾರಪ್ಪ’ ಅಂತ ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದರೋ ಏನೋ.

ನಾವು ಐದು ಜನ. ಹಳೆಯ ಕಲ್ಲುಗಣಿಯೊಂದರಲ್ಲಿ ನೀರು ತುಂಬಿ ನಿಂತಿದೆ. ಅಲ್ಲಿ ಎರಡು ದಿನ ಸ್ಕೂಬಾ, ಅಂದರೆ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಉಸಿರಾಡುತ್ತ ಇದ್ದು ಬರುವುದು. ಪ್ರತಿ ಸಲ ಮೇಲೆ ಬಂದ ಮೇಲೂ ಲಾಗ್ ಬರೆಯಬೇಕು: ಹೋದ ಹೊತ್ತು, ಬಂದ ಹೊತ್ತು, ಆಳ, ನೀರಿನ ಬಿಸಿ, ಎಷ್ಟು ದೂರ ಕಾಣಿಸಿತು, ಕಟ್ಟಿಕೊಂಡ ತೂಕ, ಜೊತೆಗೆ ಯಾರಿದ್ದರು ಅಂತೆಲ್ಲ. ಈ ಸಲ ಅದನ್ನು ಪೂರ್ತಿ ಕನ್ನಡದಲ್ಲೇ ಬರೆಯೋಣ ಅಂತ ಪಂಥ ಕಟ್ಟಿದೆವು. ಮುಕ್ಕಾಲು ಪಾಲು ಕಾಲಂ ತುಂಬಿದವು. ಮೊಟ್ಟಮೊದಲ ಕಾಲಮ್ಮಿನ ಹೆಸರೇ ಖಾಲಿ ಉಳಿದಿದೆ. ‘ಡೈವ್ ಸಂಖ್ಯೆ’ ಅನ್ನುವುದಕ್ಕೆ ಏನು ಬರೆಯೋಣ?

‘ಮುಳುಗು’ ಅಂತ ಬರೆಯಲು ಕೈ ಬರಲಿಲ್ಲ. ಯಾಕೆ ಅಂತ ಯೋಚಿಸಿದೆ. ಹಡಗು ಮುಳುಗಿತು, ಊರು ಮುಳುಗಿತು, ಸಾಲದಲ್ಲಿ ಮುಳುಗಿದ, ಹೊತ್ತು ಮುಳುಗಿತು. ಇಲ್ಲೆಲ್ಲ ಮುಳುಗಿದ್ದರ ಕೈಯಲ್ಲಿ ಏನೂ ಇಲ್ಲ. ಓದಿನಲ್ಲಿ ಮುಳುಗಿದವನಿಗೂ ಮೈಮೇಲೆ ಎಚ್ಚರ ಇರುವುದಿಲ್ಲ. ಆದರೆ ‘ಏಳು’ ಅನ್ನುವ ಕ್ರಿಯಾಪದವನ್ನು ಜೊತೆಗೆ ಸೇರಿಸಿ ನೋಡಿ. ‘ಅವನು ಕೆರೆಯಲ್ಲಿ ಮುಳುಗಿದ’ ಅಂದರೆ ಎದೆ ಝಲ್ಲೆನ್ನುತ್ತದೆ. ‘ಅವನು ಕೆರೆಯಲ್ಲಿ ಮುಳುಗೆದ್ದ’ ಅಂದರೆ ಏನೂ ಇಲ್ಲ, ಒಂದು ಟವೆಲ್ ಕೊಟ್ಟರೆ ಸಾಕು. ಅಂದರೆ ತಾನಾಗಿ ಮುಳುಗುವುದಕ್ಕೆ ಕನ್ನಡದಲ್ಲಿ ಏಳುವುದನ್ನೂ ಸೇರಿಸಿಯೇ ಹೇಳಬೇಕು ಅಂತ ಕಾಣುತ್ತದೆ. ನಿಮಗೂ ಹಾಗೇ ಕೇಳಿಸುತ್ತದಾ?

ಹಾಗಾದರೆ ‘ಮುಳುಗು ಹಾಕು’ ಇದೆಯಲ್ಲ ಅಂತ ಗೆಳತಿಯೊಬ್ಬಳು ಹೇಳಿದಳು. ಇದೆ, ಒಳ್ಳೆಯ ಮಾತು, ಬೇಕಂತಲೇ ಮುಳುಗುವುದು ಅಂತಲೇ ಅದರ ಅರ್ಥ. ಆದರೆ ಅದು ಒಂದೇ ಉಸಿರಿನ ಮಾತು. ಮೂಗು ಹಿಡಿದು, ದಮ್ಮು ಕಟ್ಟಿ, ತಲೆ ಒಳಗೆ ಹಾಕಿ, ದಮ್ಮು ಮುಗಿಯುವಷ್ಟರಲ್ಲಿ ಮೇಲೆ. ಸ್ಕೂಬಾದ ಮೊದಲ ಪಾಠವೇ ಇದಕ್ಕೆ ಪೂರಾ ಉಲ್ಟಾ: ಯಾವತ್ತೂ ದಮ್ಮು ಕಟ್ಟಬೇಡ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಹೆಚ್ಚುಕಡಿಮೆ ಎರಡರಷ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಕಟ್ಟಿಕೊಂಡೇ ಮೇಲೆ ಬಂದರೆ ಆ ಗಾಳಿ ಹಿಗ್ಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿದುಬಿಡಬಹುದು. ನಮ್ಮ ಮೊದಲ ದಿನದ ಲಾಗ್‌ನಲ್ಲಿ 10.20ರಿಂದ 10.58 ಅಂತ ಇದೆ. ಮೂವತ್ತೆಂಟು ನಿಮಿಷ ಆರಾಮಾಗಿ ಉಸಿರಾಡಿಕೊಂಡು ಇದ್ದು ಬಂದು ‘ಒಂದು ಮುಳುಗು ಹಾಕಿ ಬಂದೆ’ ಅಂದರೆ ಕೇಳಿದವರು ಸ್ನಾನ ಆಯ್ತು ಅಂದುಕೊಳ್ಳುತ್ತಾರೆ.

ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೆ ‘ಧುಮುಕು’ ಸಿಗುತ್ತದೆ. ಅದು ದಡದಿಂದ, ಬಂಡೆಯಿಂದ ನೀರಿಗೆ ಹಾರುವ ಮಾತು. ಇಂಗ್ಲಿಷಿನಲ್ಲಿ ಹಾರುವುದಕ್ಕೂ ಒಳಗೆ ಹೋಗುವುದಕ್ಕೂ ಒಂದೇ ಪದ ಇರುವುದರಿಂದ ಈ ಗೋಜಲು. ನಮ್ಮಲ್ಲಿ ಯಾರೂ ಧುಮುಕಲಿಲ್ಲ. ಕಾಲಿಗೆ ಉದ್ದದ ರೆಕ್ಕೆಪಟ್ಟಿ ಹಾಕಿಕೊಂಡವರು ಮುಂದೆ ನಡೆದರೆ ಮುಗ್ಗರಿಸುತ್ತಾರೆ. ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ ಇಟ್ಟು ನೀರಿಗೆ ಹೋದೆವು. ಇದಕ್ಕೆ ನಮ್ಮ ಬಾಯಲ್ಲಿ ತಾನಾಗಿ ಬಂದ ಮಾತು ‘ಇಳಿ’. ‘ಇಳಿಯೋಣ್ವಾ?’ ‘ಎಷ್ಟು ಗಂಟೆಗೆ ಇಳಿದ್ರಿ?’ ಲಾಗ್‌ನಲ್ಲೂ ‘ಇಳಿದದ್ದು’, ‘ಎದ್ದದ್ದು’ ಅಂತ ಎರಡು ಕಾಲಂ ಯಾರೂ ತಕರಾರು ಮಾಡದೆ ಒಪ್ಪಿಕೊಂಡೆವು. ಕ್ರಿಯಾಪದದ ಕಷ್ಟ ಅಲ್ಲಿಗೆ ಮುಗಿಯಿತು. ನಾಮಪದದ್ದೇ ಗೋಳು. ‘ಇಳಿತ’ ಅಂದರೆ ಉಬ್ಬರ–ಇಳಿತ ನೆನಪಾಗುತ್ತದೆ, ನೀರೇ ಕಡಿಮೆಯಾದ ಹಾಗೆ.

ಹಳಗನ್ನಡದ ಒಂದು ಪದದ ಮೇಲೂ ಕಣ್ಣು ಬಿತ್ತು. ‘ಆೞ್’ ಅಂದರೆ ಮುಳುಗು. ಈಗಿನ ‘ಆಳ’ ಅದರ ಮನೆಯದೇ. ಚೆನ್ನಾಗಿದೆ, ಆದರೆ ೞ ಕಾರ ಹೋಗಿ ಎಷ್ಟೋ ಕಾಲವಾಯಿತು. ಈಗ ‘ಆಳಲು ಹೋಗಿದ್ದೆ’ ಅಂದರೆ ರಾಜ್ಯ ಯಾವುದು ಅಂತ ಕೇಳುತ್ತಾರೆ.

ಇನ್ನು ಮಾಡುವವರ ಹೆಸರು. ಪತ್ರಿಕೆಗಳಲ್ಲಿ ‘ಮುಳುಗು ತಜ್ಞ’ ಇದೆ. ನನಗೆ ಅದು ಬೇಡ. ಆ ಪದ ಕಣ್ಣಿಗೆ ಬೀಳುವುದೇ ಯಾರೋ ನೀರು ಪಾಲಾದ ಸುದ್ದಿಯ ಕೊನೆಯ ಸಾಲಿನಲ್ಲಿ. ಸುಮ್ನೆ ಮೀನು ನೋಡಿ ಬಂದವರು ತಜ್ಞರೂ ಅಲ್ಲ.

ಭಾನುವಾರ ಬೆಳಿಗ್ಗೆ ದಡದಲ್ಲಿ ಕೂತು ಸಿಲಿಂಡರಿಗೆ ಪಟ್ಟಿ ಬಿಗಿಯುತ್ತಿದ್ದೆ. ಎದುರಿಗೆ ಒಂದು ಗುಳುಮುಳುಕ ಇತ್ತು. ಬಾತುಕೋಳಿಯ ಮರಿಯಷ್ಟೇ ಇರುವ, ಬಾಲವೇ ಇಲ್ಲದ ಹಾಗೆ ಕಾಣುವ ಕಂದು ಹಕ್ಕಿ. ಗುಳುಕ್ಕನೆ ಒಳಗೆ ಹೋಯಿತು. ನೀರಿನ ಮೇಲೆ ಒಂದು ಸಣ್ಣ ಬಳೆ ಮೂಡಿ ಅಳಿಸಿಹೋಯಿತು. ಎಲ್ಲಿ ಏಳುತ್ತದೆ ಅಂತ ಅಲ್ಲೇ ನೋಡುತ್ತಿದ್ದರೆ, ಹತ್ತು ಮಾರು ಆಚೆ ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಆಗ ಹೊಳೆಯಿತು: ಹೆಸರು ಇದರ ಮೈಮೇಲೇ ಇದೆಯಲ್ಲ! ಮುಳುಕ. ಬೇಕಂತ ಮುಳುಗಿ, ಬೇಕಾದಲ್ಲಿ ಏಳುವವನು. ಸಾವು ನೋವಿನ ನೆರಳಿಲ್ಲ, ತಜ್ಞನ ಭಾರ ಇಲ್ಲ. ಹೆಣ್ಣಿಗೆ ‘ಮುಳುಕಿ’ ಅಂದರೆ ಹೇಗೆ ಅಂತ ಕೇಳಿದೆ, ಗೆಳತಿ ಮುಖ ಸಿಂಡರಿಸಿದಳು. ಅವಳೂ ಮುಳುಕಳೇ ಅಂತ ತೀರ್ಮಾನವಾಯಿತು.

ಇದೇ ಹುಡುಕಾಟದಲ್ಲಿ ಇನ್ನೊಂದು ಪದ ಸಿಕ್ಕಿತು. ಅದರ ಬಗ್ಗೆ ನನಗೆ ಜಾಸ್ತಿ ಖುಷಿ. ನೀರಿನಲ್ಲಿ ಎರಡೇ ಸ್ಥಿತಿ ಅಂತ ನಾವು ಅಂದುಕೊಂಡಿರುತ್ತೇವೆ: ತೇಲು, ಇಲ್ಲವೇ ಮುಳುಗು. ಸ್ಕೂಬಾದಲ್ಲಿ ಬೇಕಾಗಿರುವುದು ಮೂರನೆಯದು. ಮೇಲೂ ಹೋಗದೆ ಕೆಳಗೂ ಹೋಗದೆ ಇದ್ದಲ್ಲೇ ಇರುವುದು. ಮೇಲೆ ಬರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು ರೂಢಿ, ಮೈಯಲ್ಲಿ ಸೇರಿದ ಸಾರಜನಕ ನಿಧಾನಕ್ಕೆ ಹೊರಗೆ ಹೋಗಲಿ ಅಂತ. ನಿಲ್ಲುವುದು ಅಂದರೆ ಎಲ್ಲಿ? ಕಾಲ ಕೆಳಗೆ ನೆಲ ಇಲ್ಲ. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ತೊಟ್ಟಿಲಿನ ಹಾಗೆ. ಇದಕ್ಕೆ ‘ತೂಗು’ ಅನ್ನಬಹುದಲ್ವಾ? ತೊಟ್ಟಿಲನ್ನೂ ತೂಗುತ್ತೇವೆ, ತಕ್ಕಡಿಯಲ್ಲೂ ತೂಗುತ್ತೇವೆ. ‘ತೂಕ’ ಹುಟ್ಟಿದ್ದೂ ಅದರಿಂದಲೇ. ನಾವು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳುವುದು ಯಾಕೆ? ನೀರಿನಲ್ಲಿ ತೂಗಲಿಕ್ಕೆ. ಒಂದೇ ಧಾತು ಎರಡೂ ಕಡೆ ಕೂತಿತು.

ಸಿಹಿನೀರು, ಉಪ್ಪುನೀರಿನ ವ್ಯತ್ಯಾಸ ತಿಳಿಯುವುದೂ ಇಲ್ಲೇ. ಸಮುದ್ರದ ನೀರು ಲೀಟರಿಗೆ ಸುಮಾರು 1025 ಗ್ರಾಂ, ಸಿಹಿನೀರು 1000 ಗ್ರಾಂ. ಹಾಗಾಗಿ ಸಮುದ್ರ ನಮ್ಮನ್ನು ಜಾಸ್ತಿ ಎತ್ತುತ್ತದೆ. ಸಾಮಾನು ಸಮೇತ 100 ಕಿಲೋ ಇರುವವರು ಸಮುದ್ರದಿಂದ ಸಿಹಿನೀರಿಗೆ ಬಂದರೆ ಎರಡೂವರೆ ಕಿಲೋ ಸೀಸ ತೆಗೆದಿಡಬೇಕು. ನಮ್ಮಲ್ಲಿ ಒಬ್ಬ ಯಾವಾಗಲೂ ಸಮುದ್ರದವನು. ಸಮುದ್ರಕ್ಕೆ ಕಟ್ಟುವ ಸೀಸದ ಪಟ್ಟಿಯನ್ನೇ ಕಟ್ಟಿಕೊಂಡು ಇಳಿದ. ತೂಗಲಿಲ್ಲ, ಗುಂಡುಕಲ್ಲಿನ ಹಾಗೆ ನೇರ ತಳಕ್ಕೆ ಹೋಗಿ ಮಂಡಿಯೂರಿದ.

ತಳದಲ್ಲಿ ಹೂಳು. ಅವನ ಮಂಡಿ ತಾಗಿದ್ದೇ ತಡ, ಬಗ್ಗಡ ಎದ್ದಿತು. ಕೈ ಮುಂದೆ ಚಾಚಿದರೆ ಬೆರಳು ಕಾಣದು. ಈ ಒಂದು ವಿಷಯದಲ್ಲಿ ಮಾತ್ರ ಕನ್ನಡ ನಮ್ಮನ್ನು ಎಲ್ಲೂ ಕೈಬಿಡಲಿಲ್ಲ. ಹೂಳು, ರಾಡಿ, ಬಗ್ಗಡ, ಕದಡು, ತಿಳಿ. ‘ಕದಡಬೇಡ್ರೋ, ತಿಳಿಯಾಗಲಿ’ ಅನ್ನುವುದಕ್ಕಿಂತ ಚೊಕ್ಕವಾಗಿ ಇದನ್ನು ಇನ್ಯಾವ ಮಾತಿನಲ್ಲಿ ಹೇಳಲಿ? ಲಾಗ್‌ನಲ್ಲಿ ‘ನೋಟ: ಮೊದಲು 6 ಮೀಟರ್, ಆಮೇಲೆ ಬಗ್ಗಡ’ ಅಂತ ಬರೆದಿದ್ದೇವೆ.

ಚಿಕ್ಕಪುಟ್ಟವು ಇನ್ನೂ ಇವೆ. ಬೇಸಿಗೆಯಲ್ಲಿ ನಿಂತ ನೀರಿನ ಮೇಲ್ಪದರ ಬೆಚ್ಚಗೆ, ಕೆಳಗೆ ಕೊರೆಯುವ ತಣ್ಣಗೆ. ನಡುವೆ ಗೆರೆ ಎಳೆದ ಹಾಗೆ ಇರುತ್ತದೆ. ಸೊಂಟದ ಮೇಲೆ 23 ಡಿಗ್ರಿ, ಪಾದದ ಹತ್ತಿರ 15. ಇದಕ್ಕೆ ಗೆಳತಿ ‘ಚಳಿಗೆರೆ’ ಅಂದಳು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಿವಿಗೆ ಹೊಸ ಪದ ಬೇಕಾಗಲೇ ಇಲ್ಲ. ಕಿವಿ ಕಟ್ಟಿತು, ಮೂಗು ಹಿಡಿದು ಊದಿದೆ, ಬಿಟ್ಟಿತು. ಜೊತೆಗಾರನನ್ನು ಸ್ಕೂಬಾದವರು ‘ಬಡ್ಡಿ’ ಅನ್ನುತ್ತಾರೆ. ಕನ್ನಡದಲ್ಲಿ ಅದನ್ನು ಬರೆದು ಓದಿ ನೋಡಿ: ‘ನನ್ನ ಬಡ್ಡಿ ಯಾರು?’, ‘ಬಡ್ಡಿಯನ್ನು ಬಿಟ್ಟು ದೂರ ಹೋಗಬೇಡಿ’. ಸಾಲಗಾರರ ಸಂಘದ ನಿಯಮಾವಳಿ ಅನ್ನಿಸುವುದಿಲ್ವಾ? ಅದನ್ನು ಹೊಡೆದು ‘ಜೋಡಿ’ ಅಂತ ಬರೆದೆವು.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಕನ್ನಡದ ಬರಹಗಳಲ್ಲಿ ‘ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು’ ಅಂತ ಆಗಾಗ ಕಾಣುತ್ತದೆ. ಅದರಲ್ಲಿ ಇರುವುದು ಸಾಮಾನ್ಯವಾಗಿ ನಾವೆಲ್ಲ ಉಸಿರಾಡುವ ಗಾಳಿಯೇ, 200 ಬಾರ್ ಒತ್ತಡದಲ್ಲಿ ತುಂಬಿದ್ದು. ಆಮ್ಲಜನಕ ಅದರಲ್ಲಿ ಶೇ 21ರಷ್ಟು. ಬರೀ ಆಮ್ಲಜನಕ ತುಂಬಿಕೊಂಡು 6 ಮೀಟರಿಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ನೀರಿನೊಳಗೇ ಫಿಟ್ಸ್ ಬರಬಹುದು. ದಯವಿಟ್ಟು ‘ಗಾಳಿ ಸಿಲಿಂಡರ್’ ಅನ್ನಿ.

ಹೀಗಾಗಿ ಮುಳುಕ, ತೂಗು, ಚಳಿಗೆರೆ ಈ ಮೂರರ ಬಗ್ಗೆ ನಿಮ್ಮ ಅನಿಸಿಕೆ ಬೇಕು. ನದಿ, ಹೊಳೆ, ಮಡುವಿನ ಬಳಿ ಬೆಳೆದವರು, ಮೀನು ಹಿಡಿಯುವವರು, ಬಾವಿಗೆ ಇಳಿದು ಕೊಡ ಎತ್ತಿಕೊಟ್ಟವರು ನಿಮ್ಮ ಪೈಕಿ ಇದ್ದೇ ಇರುತ್ತಾರೆ. ನೀರಿನೊಳಗೆ ಹೋಗಿ ಸ್ವಲ್ಪ ಹೊತ್ತು ಇದ್ದು ಬರುವುದಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯಾ? ಅತ್ತೆಗೂ ಇದೇ ಪ್ರಶ್ನೆ ಹಾಕಿದೆ. ಭಾನುವಾರ ರಾತ್ರಿ ಅವರೇ ಫೋನ್ ಮಾಡಿ ‘ಎದ್ದು ಬಂದ್ಯಾ?’ ಅಂದಿದ್ದರು. ಹೂಂ ಅಂದು, ಖಾಲಿ ಕಾಲಮ್ಮಿನ ಕತೆ ಹೇಳಿದೆ. ‘ನಾಲ್ಕು ಸಲ ಹೋಗಿ ಬಂದೆ ಅಂತ ಬರಿ, ಅದಕ್ಕೇನು ಹೆಸರು’ ಅಂದರು. ಸದ್ಯಕ್ಕೆ ಆ ಕಾಲಮ್ಮಿನ ಮೇಲೆ ಪೆನ್ಸಿಲ್‌ನಲ್ಲಿ ‘ಸಲ’ ಅಂತ ಬರೆದಿಟ್ಟಿದ್ದೇನೆ.