ಬಾಗಲಕೋಟೆ ನವನಗರದ ನಮ್ಮ ಸೆಕ್ಟರ್‌ಗೆ ಬಸ್: ಸೋಮವಾರ ಡಿಪೋಗೆ ಬರೋರು ಯಾರ್ಯಾರು?

ಗಾರ್ಡನ್ ಎದುರಿನ ಅಕ್ಕೋರು:
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಒಂಬತ್ತರ ಬಸ್ ಇವತ್ತೂ ಬರಲಿಲ್ಲ. ಕಾಲೇಜು ಹುಡುಗರು, ಹಳೇ ಬಾಗಲಕೋಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೊರಟಿದ್ದ ಒಬ್ಬ ಅಜ್ಜಿ, ಎಲ್ಲರೂ ಬಿಸಿಲಲ್ಲಿ ನಿಂತು ನಿಂತು ಕೊನೆಗೆ ಟಂಟಂ ಆಟೋ ಹತ್ತಿದರು. ಡಿಪೋಗೆ ಫೋನ್ ಮಾಡಿದರೆ ಅದೇ ಉತ್ತರ: ಗಾಡಿ ಕಡಿಮೆ, ಸ್ಟಾಫ್ ಕಡಿಮೆ, ನೋಡೋಣ. ಬನಶಂಕರಿ ಜಾತ್ರೆ ಬಂದರೆ ನಮ್ಮ ಬಸ್ ಬಾದಾಮಿ ಕಡೆ ಹೋಗುತ್ತದೆ. ಯಾರದ್ದಾದರೂ ಸಮಾವೇಶ ಇದ್ದರೆ ಅಲ್ಲಿಗೆ. ಮದುವೆ ಸೀಸನ್‌ನಲ್ಲಿ ಬಾಡಿಗೆಗೆ. ಮೊದಲು ಕತ್ತರಿ ಬೀಳುವುದು ಸಿಟಿ ಟ್ರಿಪ್‌ಗಳಿಗೇ.

ಸೋಮವಾರ ಹತ್ತೂವರೆಗೆ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಡೋಣ. ಬರುವವರು ಇಲ್ಲೇ ತಿಳಿಸಿ. ದಯವಿಟ್ಟು ಸುಮ್ನೆ ಹೆಬ್ಬೆರಳು ತೋರಿಸಿ ಹೋಗಬೇಡಿ, ಹೋದ ಸಲ ಹಾಗೇ ಆಯ್ತು.

ಕೊನೆ ಮನೆ ಇಂಜಿನಿಯರಿಂಗ್:
ನಾನು ಬರ್ತೀನಿ ಅಕ್ಕೋರೆ. ಆದರೆ ಅರ್ಜಿಯಲ್ಲಿ ಇನ್ನೊಂದು ಸೇರಿಸಿ. ಸಿಟಿ ಬಸ್ ಎಲ್ಲರಿಗೂ ಫ್ರೀ ಮಾಡಲಿ. 2023ರ ಜೂನ್ 11ರಿಂದ ಅಮ್ಮನಿಗೆ ಫ್ರೀ, ಅಕ್ಕನಿಗೆ ಫ್ರೀ. ಅಪ್ಪನಿಗೆ 2025ರ ಜನವರಿಯಲ್ಲಿ ಶೇ 15 ಜಾಸ್ತಿ. ಇದೆಂಥ ಲೆಕ್ಕ? ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶಕ್ಕೇ ಫ್ರೀ ಮಾಡಿತು. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ 2013ರಲ್ಲೇ ಮಾಡಿದೆ. ಇಷ್ಟು ಸಣ್ಣ ಊರಲ್ಲಿ ಯಾಕಾಗಬಾರದು?

ಟಂಟಂ ಮಾಮಾ:
ಎಲ್ಲ ಫ್ರೀ ಮಾಡಿಸು ತಮ್ಮಾ. ನನ್ನ ಗಾಡಿ ಸಾಲದ ಕಂತನ್ನೂ ಅದೇ ಅರ್ಜಿಯಲ್ಲಿ ಬರೆದುಬಿಡು. ಶಕ್ತಿ ಯೋಜನೆ ಬಂದ ಮೇಲೆ ಮಧ್ಯಾಹ್ನ ಪೂರ್ತಿ ಗಾಡಿ ಖಾಲಿ ನಿಂತಿರುತ್ತೆ. ಬಸ್ ಬರದ ದಿನ ಮಾತ್ರ ಮಾಮಾ ನೆನಪಾಗ್ತಾನೆ.

ಕಿರಾಣಿ ಕಾಕಾ:
ಅದೂ ಖರೇ. ಹಾಗಂತ ಬಸ್ ಬೇಡ ಅನ್ನೋಕೆ ಆಗುತ್ತಾ?

ಟಂಟಂ ಮಾಮಾ:
ಬೇಡ ಅಂದಿಲ್ಲ ಕಾಕಾ. ಬಸ್ ಮೇನ್ ರೋಡಲ್ಲಿ ಟೈಮಿಗೆ ಸರಿಯಾಗಿ ಓಡಲಿ. ಒಳಗಿನ ಮನೆಗಳಿಂದ ಸ್ಟಾಪ್‌ವರೆಗೆ ನಾವು ಓಡಿಸ್ತೀವಿ. ಬಸ್ಸಿಗೆ ಟೈಮೇ ಇಲ್ಲ ಅಂದ್ರೆ ನಾವು ಯಾವ ಟೈಮಿಗೆ ಬಂದು ನಿಲ್ಲಬೇಕು?

ಗಾರ್ಡನ್ ಎದುರಿನ ಅಕ್ಕೋರು:
ತಮ್ಮಾ, ನೀನು ಹೇಳಿದ ಊರುಗಳ ಬಗ್ಗೆ ನಾನೂ ಓದಿದ್ದೇನೆ. ಲಕ್ಸೆಂಬರ್ಗ್‌ನಲ್ಲಿ ಟಿಕೆಟ್‌ನಿಂದ ಬರುತ್ತಿದ್ದ ಹಣ ಒಟ್ಟು ಖರ್ಚಿನ ಹತ್ತನೇ ಒಂದು ಪಾಲೂ ಇರಲಿಲ್ಲ. ಅಷ್ಟು ಶ್ರೀಮಂತ ದೇಶ ಅದನ್ನು ಬಿಟ್ಟುಕೊಟ್ಟದ್ದು ದೊಡ್ಡ ವಿಷಯ ಏನಲ್ಲ. ಟ್ಯಾಲಿನ್‌ನಲ್ಲಿ ಫ್ರೀ ಇರುವುದು ಊರಿನ ನಿವಾಸಿ ಅಂತ ಹೆಸರು ನೋಂದಾಯಿಸಿದವರಿಗೆ. ನೋಂದಾಯಿಸಿದರೆ ಅವರ ಆದಾಯ ತೆರಿಗೆಯಲ್ಲಿ ಒಂದು ಪಾಲು ನಗರಕ್ಕೆ ಬರುತ್ತದೆ. ನಮ್ಮ ನಗರಸಭೆಗೆ ಯಾರ ಆದಾಯ ತೆರಿಗೆ ಬರಬೇಕು ಹೇಳು? ಅಲ್ಲದೆ ಅಲ್ಲಿ ಕಾರು ಬಿಟ್ಟು ಬಸ್ ಹತ್ತಿದವರು ಕಡಿಮೆ, ನಡೆದು ಹೋಗುತ್ತಿದ್ದವರು ಹತ್ತಿದ್ದೇ ಜಾಸ್ತಿ. ಅದರಲ್ಲಿ ತಪ್ಪೇನಿಲ್ಲ. ಟ್ರಾಫಿಕ್ ಕರಗುತ್ತದೆ ಅಂತ ಮಾತ್ರ ಹೇಳಬೇಡ.

ನಮ್ಮ ಅಳತೆಗೆ ಹೊಂದುವ ಊರು ಬೇರೆ ಎರಡಿವೆ. ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ 70 ಸಾವಿರದ ಆಸುಪಾಸು ಜನ. 1997ರಲ್ಲಿ ಬಸ್ ಫ್ರೀ ಮಾಡಿದರು, ಜನ ಮುಗಿಬಿದ್ದರು. ಖರ್ಚು ಏರುತ್ತಾ ಹೋಯಿತು, 2013ರಲ್ಲಿ ಮತ್ತೆ ಟಿಕೆಟ್ ಶುರು ಮಾಡಿದರು. ಫ್ರಾನ್ಸ್‌ನ ಡಂಕರ್ಕ್‌ನಲ್ಲಿ ಸುತ್ತಲಿನ ಊರು ಸೇರಿ ಸುಮಾರು 2 ಲಕ್ಷ ಜನ. 2018ರಲ್ಲಿ ಫ್ರೀ ಮಾಡುವಾಗಲೇ ರೂಟ್‌ಗಳನ್ನು ಹೊಸದಾಗಿ ಹಾಕಿದರು, ಮುಖ್ಯ ರೂಟ್‌ಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ ಬಿಟ್ಟರು. 2011ರ ಜನಗಣತಿಯಲ್ಲಿ ನಮ್ಮ ಬಾಗಲಕೋಟೆ 1 ಲಕ್ಷ 11 ಸಾವಿರ, ಅಂದರೆ ಈ ಎರಡು ಊರುಗಳ ನಡುವೆ. ಹತ್ತು ನಿಮಿಷ ಹಾಗಿರಲಿ, ನಮಗೆ ಗಂಟೆಗೊಂದು ಬಸ್ ಖಾತ್ರಿ ಇಲ್ಲ. ಬಾರದ ಬಸ್ಸಿಗೆ ಟಿಕೆಟ್ ಎಷ್ಟಾದರೇನು? ನನ್ನ ಪ್ರಕಾರ ಮೊದಲು ಬಸ್, ಆಮೇಲೆ ದರ.

ಕಾರ್ನರ್ ಸೈಟ್ ಸರ್:
ಇದೆಲ್ಲ ಕೊನೆಗೆ ತೆರಿಗೆ ಕಟ್ಟುವವರ ತಲೆಗೇ ಬರೋದು. ನನಗೆ ಕಾರಿದೆ. ನಾನು ಬಸ್ ಹತ್ತಲ್ಲ. ನಾನ್ಯಾಕೆ ಕೊಡಬೇಕು?

ಗಾರ್ಡನ್ ಎದುರಿನ ಅಕ್ಕೋರು:
ನಿಮ್ಮ ಮನೆ ಅಡುಗೆಯವರು ಯಾವುದರಲ್ಲಿ ಬರ್ತಾರೆ ಸರ್?

ಕಾರ್ನರ್ ಸೈಟ್ ಸರ್:
ಬಸ್ಸಲ್ಲೇ. ಇವತ್ತು ಹನ್ನೊಂದಕ್ಕೆ ಬಂದರು.

ಮಹಡಿ ಮನೆ ಅಜ್ಜ:
ಹಳೇ ಊರಲ್ಲಿದ್ದಾಗ ನಮಗೆ ಬಸ್ ಯಾಕೆ ಬೇಕಿತ್ತು? ಚಪ್ಪಲಿ ಮೆಟ್ಟಿ ಹೊರಬಿದ್ದರೆ ವಲ್ಲಭಭಾಯಿ ಚೌಕ. ಕಾಯಿಪಲ್ಲೆ, ಗುಡಿ, ಡಾಕ್ಟರ್, ಬೀಗರ ಮನೆ, ಎಲ್ಲ ಕಾಲ್ನಡಿಗೆಯಲ್ಲೇ. ಆಲಮಟ್ಟಿ ಹಿನ್ನೀರು ಬರುತ್ತೆ ಅಂತ ಎಬ್ಬಿಸಿ ಇಲ್ಲಿಗೆ ತಂದರು. ಮನೆಗೆ ಪರಿಹಾರ ಕೊಟ್ಟರು, ಸೈಟ್ ಕೊಟ್ಟರು, ಅಗಲವಾದ ರಸ್ತೆ ಕೊಟ್ಟರು. ರಸ್ತೆ ಎಷ್ಟು ಅಗಲ ಅಂದರೆ ಈ ಕಡೆಯಿಂದ ಆ ಕಡೆಗೆ ದಾಟುವಷ್ಟರಲ್ಲಿ ನನಗೆ ದಮ್ಮು ಹತ್ತುತ್ತೆ. ಸಂತೆ ಮಾತ್ರ ಅಲ್ಲೇ ಉಳಿಯಿತು, ನಂಟರು ಅಲ್ಲೇ ಉಳಿದರು. ದಿನಾ ಹೋಗಿಬರುವ ಖರ್ಚನ್ನು ಪರಿಹಾರದಲ್ಲಿ ಯಾರೂ ಹಿಡಿಯಲಿಲ್ಲ. ಅರ್ಜಿಯಲ್ಲಿ ಇದನ್ನು ಬರೆಯಿರಿ. ನಾವು ಕೇಳುತ್ತಿರೋದು ದಾನ ಅಲ್ಲ.

ಮೆಡಿಕಲ್ ಶಾಪ್:
ಅಜ್ಜಾರು ಹೇಳಿದ್ದನ್ನೇ ಮೊದಲ ಪ್ಯಾರಾ ಮಾಡಿ. ನಾನು ಬರ್ತೀನಿ.

ಮಾಜಿ ಕಂಡಕ್ಟರ್ ಅಣ್ಣ:
ನಾನು ಇದೇ ಕೆಲಸದಲ್ಲಿ ರಿಟೈರ್ ಆದವನು, ಒಳಗಿನ ಲೆಕ್ಕ ಸ್ವಲ್ಪ ಹೇಳ್ತೀನಿ. ಬಸ್ಸಲ್ಲಿ ಹತ್ತು ಜನ ಇದ್ದರೂ ಅರವತ್ತು ಜನ ಇದ್ದರೂ ಡೀಸೆಲ್ ಹೆಚ್ಚುಕಡಿಮೆ ಅಷ್ಟೇ ಸುಡುತ್ತೆ. ಡ್ರೈವರ್ ಪಗಾರ ಅಷ್ಟೇ. ಅದಕ್ಕೇ ಟ್ರಿಪ್ ಇಡಬೇಕಾ ತೆಗೆಯಬೇಕಾ ಅನ್ನುವಾಗ ಕಿಲೋಮೀಟರ್‌ಗೆ ಎಷ್ಟು ಕಲೆಕ್ಷನ್ ಅಂತ ನೋಡ್ತಾರೆ.

ಇಲ್ಲಿ ನಮ್ಮ ಅಕ್ಕಂದಿರ ಒಂದು ರೂಢಿ ಇದೆ. ಆಧಾರ್ ತೋರಿಸ್ತಾರೆ, ಎರಡು ಸ್ಟಾಪ್ ಮುಂದೆ ಇಳಿಯೋದು, ಚೀಟಿ ಯಾಕೆ ಬಿಡಣ್ಣ ಅಂತಾರೆ. ಗದ್ದಲ ಇದ್ದರೆ ಕಂಡಕ್ಟರೂ ಹ್ಞೂಂ ಅಂತಾನೆ. ಹಾಗೆ ಮಾಡಬೇಡ್ರಿ. ಝೀರೋ ಟಿಕೆಟ್ ಅಂದ್ರೆ ಬರೀ ಸೊನ್ನೆ ಅಂತ ತಿಳಿಯಬೇಡಿ. ಮಶೀನ್‌ನಿಂದ ಹೊರಬಂದ ಆ ಚೀಟಿಗಳ ಲೆಕ್ಕದ ಮೇಲೆ ಸರ್ಕಾರ ಸಂಸ್ಥೆಗೆ ಹಣ ತುಂಬಿಕೊಡಬೇಕು. ಚೀಟಿ ಹರಿಯದಿದ್ದರೆ ಕಾಗದದಲ್ಲಿ ನೀವು ಬಸ್ ಹತ್ತಿಯೇ ಇಲ್ಲ. ಬಸ್ ತುಂಬಿ ತುಳುಕುತ್ತಿದ್ದರೂ ಟ್ರಿಪ್ ಶೀಟ್‌ನಲ್ಲಿ ಖಾಲಿ. ಆಮೇಲೆ ಆ ರೂಟ್‌ಗೆ ಜನರೇ ಇಲ್ಲ ಅಂತಾರೆ. ಗಂಡಸರಿಗೂ ಅಷ್ಟೇ. ಚಿಲ್ಲರೆ ಕೊಟ್ಟು ಟಿಕೆಟ್ ಬೇಡ ಅನ್ನೋದು ನಿಲ್ಲಿಸಿ.

ಇನ್ನೊಂದು. ಬಾಯಿಮಾತಲ್ಲಿ ಬಸ್ ಬರಲಿಲ್ಲ ಅಂದ್ರೆ ಅವರು ಬಂದಿತ್ತು ಅಂತಾರೆ. ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕಳೆದ ಆರು ತಿಂಗಳಲ್ಲಿ ಈ ರೂಟ್‌ನಲ್ಲಿ ಹಾಕಿದ ಟ್ರಿಪ್ ಎಷ್ಟು, ಓಡಿದ್ದು ಎಷ್ಟು, ರದ್ದಾಗಿದ್ದು ಯಾವ ಕಾರಣಕ್ಕೆ. ಇಷ್ಟೇ ಕೇಳಿ, ಉದ್ದ ಬರೆಯಬೇಡಿ.

ಕೊನೆ ಮನೆ ಇಂಜಿನಿಯರಿಂಗ್:
ಮಾಹಿತಿ ಹಕ್ಕಿನ ಅರ್ಜಿ ನಾನು ಹಾಕ್ತೀನಿ ಅಣ್ಣ. ಫ್ರೀ ವಿಷಯ ಮಾತ್ರ ಬಿಡಲ್ಲ. ನಮ್ಮಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತಾರೆ. ಕೆಲಸ ಇಲ್ಲದ ದಿನವೂ ಊರೊಳಗೆ ಹೋಗಿ ನಿಂತರೇ ಮರುದಿನದ ಕೆಲಸ ಸಿಗೋದು. ಆ ದಿನದ ಬಸ್ ಚಾರ್ಜ್ ಕೈಯಿಂದಲೇ ಹೋಗುತ್ತೆ.

ಗಾರ್ಡನ್ ಎದುರಿನ ಅಕ್ಕೋರು:
ಈ ಮಾತು ಲಕ್ಸೆಂಬರ್ಗ್‌ಗಿಂತ ಗಟ್ಟಿ ಇದೆ ತಮ್ಮಾ. ಇದನ್ನೇ ಬರೆಯೋಣ. ಎಲ್ಲರಿಗೂ ಫ್ರೀ ಅಂತ ಕೇಳಿದರೆ ಅದು ನಮ್ಮ ಕೈಯಲ್ಲಿಲ್ಲ, ಬೆಂಗಳೂರಿಗೆ ಬರೆಯಿರಿ ಅಂತ ವಾಪಸ್ ಕಳಿಸ್ತಾರೆ. ಅವರು ಹೇಳೋದೂ ಸರಿಯೇ, ದರ ನಿಗದಿ ಡಿಪೋದಲ್ಲಿ ಆಗಲ್ಲ. ಹಾಗಾಗಿ ಎರಡು ಅರ್ಜಿ ಮಾಡೋಣ. ಡಿಪೋಗೆ ಒಂದು: ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳೂವರೆವರೆಗಿನ ಟ್ರಿಪ್ ಯಾವ ಕಾರಣಕ್ಕೂ ರದ್ದು ಮಾಡಬಾರದು, ಸ್ಟಾಪ್‌ನಲ್ಲಿ ಸಮಯ ಬರೆಯಿಸಬೇಕು, ಬಸ್ಸನ್ನು ಸ್ಟಾಪ್ ದಾಟಿ ನಿಲ್ಲಿಸಬಾರದು. ಅದೊಂದು ಆಟ ಆಗಿದೆ, ಮೊಣಕಾಲು ನೋವಿನವರು ಚೀಲ ಹಿಡಿದು ಓಡಿ ಬರೋದನ್ನು ಕನ್ನಡಿಯಲ್ಲಿ ನೋಡ್ತಾ ಇರ್ತಾರೆ. ಶಾಸಕರಿಗೆ ಇನ್ನೊಂದು: ಕೂಲಿಯವರಿಗೆ, ಗಂಡು ವಿದ್ಯಾರ್ಥಿಗಳಿಗೆ ಸಿಟಿಯೊಳಗೆ ತೀರಾ ಕಡಿಮೆ ದರದ ತಿಂಗಳ ಪಾಸ್. ಅಜ್ಜಾರ ಮಾತು ಎರಡರಲ್ಲೂ ಇರಲಿ.

ಕಾರ್ನರ್ ಸೈಟ್ ಸರ್:
ಅರ್ಜಿ ಟೈಪ್ ಮಾಡಿಸಿ ಪ್ರಿಂಟ್ ತೆಗೆಸುವ ಜವಾಬ್ದಾರಿ ನನ್ನದು. ಬಸ್ ಶೆಲ್ಟರ್ ಬಗ್ಗೆ ನಗರಸಭೆಗೂ ಒಂದು ಪ್ರತಿ ಇರಲಿ.

ಟಂಟಂ ಮಾಮಾ:
ಡಿಪೋಗೆ ಹೋಗೋಕೆ ನನ್ನ ಗಾಡಿ ಇದೆ. ಬಸ್ ಕಾಯ್ಕೊಂಡು ಕೂತರೆ ಮ್ಯಾನೇಜರ್ ಊಟಕ್ಕೆ ಎದ್ದಿರ್ತಾರೆ.

ಕಿರಾಣಿ ಕಾಕಾ:
ಸಹಿ ಹಾಳೆ ಅಂಗಡಿ ಕೌಂಟರ್ ಮೇಲಿದೆ. ಹೆಸರು, ಮನೆ ನಂಬರ್, ಯಾವ ಹೊತ್ತಿನ ಬಸ್ ಬೇಕು ಅನ್ನೋದನ್ನು ಬರೆಯಿರಿ. ಭಾನುವಾರ ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ತೀನಿ, ಅಷ್ಟರೊಳಗೆ ಬನ್ನಿ. ಪೆನ್ ನೀವೇ ತನ್ನಿ, ಇಟ್ಟಿದ್ದನ್ನು ಯಾರೋ ಒಯ್ದಿದ್ದಾರೆ.