ಅಪ್‌ಡೇಟ್: ಸ್ಪೋರ್ಟ್ಸ್ ಕಾರಿಗೆ ಜಿಪಿಎಸ್ ಸ್ಪೀಡೋಮೀಟರನ್ನೇ ಆರಿಸಿದೆ

ನನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ನಿಖರವಾದ, ಒಂದೇ ನೋಟಕ್ಕೆ ಓದಬಹುದಾದ ಹೆಚ್ಚುವರಿ ಸ್ಪೀಡೋಮೀಟರ್ ಯಾವುದೆಂದು ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು. ಮೊದಲು ಒಬಿಡಿ ಸಾಕೆಟ್‌ಗೆ (ಕಾರಿನ ದೋಷ ಪತ್ತೆಗೆ ಬಳಸುವ ಸಾಕೆಟ್) ಜೋಡಿಸುವ ಸಾಧನವನ್ನು ಪರೀಕ್ಷಿಸಿದೆನಾದರೂ, ಅದು ಚಕ್ರದ ಸುತ್ತುಗಳಿಂದ ಲೆಕ್ಕ ಹಾಕಿದ ವೇಗವನ್ನೇ ತೋರಿಸುವುದರಿಂದ, ಟೈರಿನ ಅಳತೆ ಬದಲಾಗಿರುವ ನನ್ನ ಕಾರಿನಲ್ಲಿ ನಿಜವೇಗಕ್ಕೂ ತೋರಿಸುವ ವೇಗಕ್ಕೂ ಇರುವ ವ್ಯತ್ಯಾಸ ಹಾಗೆಯೇ ಉಳಿಯಿತು. ಕೊನೆಗೆ ಸೆಕೆಂಡಿಗೆ 10 ಬಾರಿ ವೇಗವನ್ನು ಅಳೆಯುವ, ದೊಡ್ಡ ಅಂಕಿಗಳ ಜಿಪಿಎಸ್ ಮೀಟರನ್ನು ಸ್ಟೀರಿಂಗ್‌ನ ಹಿಂದೆ ಅಳವಡಿಸಿದೆ. ನೇರ ರಸ್ತೆಯಲ್ಲಿ ಅದು 80 ತೋರಿಸುವಾಗ ಕಾರಿನ ಮುಳ್ಳು 86ರಲ್ಲಿರುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮಾವಳಿಯ ಪ್ರಕಾರ ಮೀಟರು ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಆದರೆ ಹೆಚ್ಚು ತೋರಿಸಲು ಅವಕಾಶವಿದೆ. ಗಾಜಿನ ಮೇಲೆ ಅಂಕಿ ಪ್ರತಿಫಲಿಸುವ ಮಾದರಿಯು ಪೋಲರೈಸ್ಡ್ ತಂಪು ಕನ್ನಡಕದಲ್ಲಿ ಮಸುಕಾದ್ದರಿಂದ ಕೈಬಿಟ್ಟೆ. ಉಪಗ್ರಹ ಸಂಕೇತ ಸಿಗದ ಸುರಂಗಗಳಲ್ಲಿ ಮಾತ್ರ ಮೂಲ ಮೀಟರನ್ನೇ ನೋಡುತ್ತೇನೆ.